ಕೇಳಿ ಗೆದ್ದವನು: ಪಾಲ್ ಗಾಡ್ಲಿ

ಮಾತಿನಿಂದ ಗೆದ್ದವರ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಕಿವಿಯಿಂದ ಗೆದ್ದವರ ಕಥೆಗಳು ವಿರಳ. ಅಂಥ ವಿರಳರಲ್ಲಿ ಒಬ್ಬನು ಅಮೆರಿಕದ ಪಾಲ್ ಗಾಡ್ಲಿ. ರೇಡಿಯೋ ಹವ್ಯಾಸಿಗಳ ಬಳಗದಲ್ಲಿ ಆತನ ಹೆಸರು ಇಂದಿಗೂ ಗೌರವದಿಂದ ಉಳಿದಿದೆ.

ಗಾಡ್ಲಿಯು ಹುಟ್ಟಿದ್ದು 1889ರಲ್ಲಿ. ಆತನ ಯೌವನವೂ ನಿಸ್ತಂತು ವಿದ್ಯೆಯ ಬಾಲ್ಯವೂ ಒಂದೇ ಕಾಲದವು. 1912ರಲ್ಲಿ ಅಮೆರಿಕದ ಸರ್ಕಾರವು ಕಾನೂನು ಮಾಡಿ, ಹವ್ಯಾಸಿಗಳು 200 ಮೀಟರಿಗಿಂತ ಉದ್ದವಾದ ತರಂಗಗಳನ್ನು ಬಳಸಕೂಡದೆಂದು ವಿಧಿಸಿತು. ದೂರ ಸಾಗಬೇಕಾದರೆ ಸಾವಿರಾರು ಮೀಟರು ಉದ್ದದ ತರಂಗಗಳೇ ಬೇಕೆಂಬುದು ಅಂದಿನ ಬಲ್ಲವರ ನಂಬಿಕೆ. ಹೀಗೆ ಹವ್ಯಾಸಿಗಳ ಪಾಲಿಗೆ ಬಂದದ್ದು ಯಾರಿಗೂ ಬೇಡವಾದ ಬಂಜರು ನೆಲ. ಆ ಬಂಜರಿನಲ್ಲಿಯೇ ಬೆಳೆ ತೆಗೆಯಲು ಹೊರಟವರಲ್ಲಿ ಗಾಡ್ಲಿಯು ಮುಂದಿನ ಸಾಲಿನವನು. ಕ್ಷೀಣವಾದ ಸಂಕೇತಗಳನ್ನು ಬಲಗೊಳಿಸಲು ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದಿದ್ದ ಉಪಾಯವನ್ನು ಈ ಚಿಕ್ಕ ತರಂಗಗಳಿಗೆ ಒಗ್ಗಿಸಿ, ಪ್ಯಾರಗಾನ್ ಎಂಬ ಗ್ರಾಹಕ ಯಂತ್ರವನ್ನು ರೂಪಿಸಿ ಆತನು ಹೆಸರಾದನು.

ಆದರೂ ಸಾಗರ ದಾಟುವುದು ಬೇರೆಯೇ ಮಾತು. ಅಮೆರಿಕನ್ ರೇಡಿಯೋ ರಿಲೇ ಲೀಗ್ ಎಂಬ ಹವ್ಯಾಸಿಗಳ ಸಂಘವು 1921ರ ಫೆಬ್ರವರಿಯಲ್ಲಿ ಮೊದಲ ಪರೀಕ್ಷೆಯನ್ನು ಏರ್ಪಡಿಸಿತು. ಅಮೆರಿಕದವರು ಸಂಕೇತ ಕಳುಹಿದರು, ಬ್ರಿಟನ್ನಿನವರು ಕಿವಿಗೊಟ್ಟು ಕುಳಿತರು, ಏನೂ ಕೇಳಲಿಲ್ಲ. ತಪ್ಪು ತರಂಗದ್ದೋ, ಕೇಳುವ ಯಂತ್ರದ್ದೋ? ಇದನ್ನು ನಿರ್ಣಯಿಸಲು ಸಂಘವು ಡಿಸೆಂಬರಿನಲ್ಲಿ ಎರಡನೆಯ ಪಂದ್ಯವನ್ನು ಹೂಡಿ, ತನ್ನ ಕಡೆಯವನಾಗಿ ಗಾಡ್ಲಿಯನ್ನೇ ಅಟ್ಲಾಂಟಿಕ್‌ನ ಆಚೆಗೆ ಕಳುಹಿಸಿತು. ಮೋಸಕ್ಕೆ ಎಡೆಯಿರಬಾರದೆಂದು, ಮೊದಲೇ ತೇರ್ಗಡೆಯಾದ ಒಂದೊಂದು ನಿಲಯಕ್ಕೂ ಗುಪ್ತ ಅಕ್ಷರಗಳನ್ನು ಗೊತ್ತುಮಾಡಿದ್ದರು. ಅವು ಸರಿಯಾಗಿ ಕೇಳಿಸಿದರೆ ಮಾತ್ರ ಕೇಳಿದ್ದು ದಿಟ.

ಗಾಡ್ಲಿಯು ಆರಿಸಿಕೊಂಡ ಸ್ಥಳ ಸ್ಕಾಟ್ಲೆಂಡಿನ ಪಶ್ಚಿಮ ತೀರದ ಆರ್ಡ್ರಾಸನ್. ಊರಾಚೆಯ ಬಯಲಿನಲ್ಲಿ ಗುಡಾರ ಹೊಡೆದು, ಆಳೆತ್ತರದ ಎರಡರಷ್ಟು ಎತ್ತರದಲ್ಲಿ ಸುಮಾರು 1300 ಅಡಿ ಉದ್ದದ ತಂತಿಯೊಂದನ್ನು ಅಮೆರಿಕದ ದಿಕ್ಕಿಗೆ ಎಳೆಸಿದನು. ಹೆರಾಲ್ಡ್ ಬೆವರೇಜ್ ಎಂಬಾತನ ಹೆಸರಿನಿಂದ ಪ್ರಸಿದ್ಧವಾದ ಈ ಏರಿಯಲ್ ಒಂದು ದಿಕ್ಕಿನ ಧ್ವನಿಗೆ ಕಿವಿಯಾಗಿ ಉಳಿದ ಗದ್ದಲಕ್ಕೆ ಕಿವುಡಾಗುತ್ತದೆ. ಕೇಳಿದ್ದಕ್ಕೆ ಸಾಕ್ಷಿಯಾಗಿ ಮಾರ್ಕೋನಿ ಸಂಸ್ಥೆಯ ಪಿಯರ್ಸನ್ ಎಂಬುವನು ಜೊತೆಗಿದ್ದನು. ಗಾಳಿ, ಮಳೆ, ಕೊರೆಯುವ ಚಳಿ. ಸಾಲದ್ದಕ್ಕೆ ರಾತ್ರಿಯೆಲ್ಲ ಜಾಗರಣೆ. ಈ ತರಂಗಗಳು ಹಗಲಿನಲ್ಲಿ ದೂರ ಸಾಗವು. ಬಿಸಿಲಿನಿಂದ ವಿದ್ಯುದಾವೇಶಗೊಂಡ ವಾಯುಮಂಡಲದ ಒಂದು ಪದರವು ಅವನ್ನು ನುಂಗಿಬಿಡುತ್ತದೆ. ಇರುಳಿನಲ್ಲಿ ಆ ಪದರ ಕರಗಿದಾಗ ಮೇಲಿನ ಪದರಗಳು ಅವನ್ನು ಬಾಗಿಸಿ ಭೂಮಿಗೆ ಹಿಂದಿರುಗಿಸುತ್ತವೆ. ಎರಡು ತೀರಗಳಲ್ಲಿಯೂ ಕತ್ತಲೆಯಿರಬೇಕು. ಸಿಡಿಲಿನ ಕರಕರೆ ಕಡಮೆಯಿರುವ ಚಳಿಗಾಲವಾದರೆ ಇನ್ನೂ ಒಳ್ಳೆಯದು.

ಮೊದಲ ರಾತ್ರಿಗಳಲ್ಲಿಯೇ ಸಾಗರದಾಚೆಯ ದನಿಗಳು ಕೇಳತೊಡಗಿದವು. ಡಿಸೆಂಬರ್ 12ರ ಬೆಳಗಿನ ಜಾವ, ಅಮೆರಿಕದಲ್ಲಿ ಇನ್ನೂ 11ರ ರಾತ್ರಿಯಿರುವಾಗ, ಕನೆಟಿಕಟ್‌ನ ಗ್ರೀನಿಚ್‌ನಿಂದ 1ಬಿಸಿಜಿ ಎಂಬ ನಿಲಯವು ಕಳುಹಿದ ಇಡೀ ಸಂದೇಶವನ್ನು ಆತನು ಬರೆದುಕೊಂಡನು. ಆ ನಿಲಯವನ್ನು ಕಟ್ಟಿದವರಲ್ಲಿ ಆರ್ಮ್‌ಸ್ಟ್ರಾಂಗನೂ ಒಬ್ಬನು. ಪಂದ್ಯ ಮುಗಿಯುವ ವೇಳೆಗೆ ಎರಡು ಡಜನಿಗೂ ಹೆಚ್ಚು ನಿಲಯಗಳ ದನಿ ಆ ಗುಡಾರಕ್ಕೆ ಬಂದಿತ್ತು. ಬ್ರಿಟನ್ನಿನ ಕೆಲವರು ಹವ್ಯಾಸಿಗಳೂ ತಮ್ಮ ಯಂತ್ರಗಳಲ್ಲಿ ಅಮೆರಿಕವನ್ನು ಕೇಳಿದರೆಂಬುದನ್ನು ಮರೆಯಬಾರದು. ಗೆದ್ದದ್ದು ಒಬ್ಬ ಮನುಷ್ಯನಲ್ಲ, ಹೀನವೆನಿಸಿಕೊಂಡಿದ್ದ ಒಂದು ತರಂಗವರ್ಗ. ಎರಡೇ ವರ್ಷಗಳಲ್ಲಿ, 1923ರ ನವೆಂಬರಿನಲ್ಲಿ, ಅಮೆರಿಕದ ಷ್ನೆಲ್ ಮತ್ತು ಫ್ರಾನ್ಸಿನ ಡೆಲ್ವಾ ಎಂಬ ಹವ್ಯಾಸಿಗಳು ಇನ್ನೂ ಚಿಕ್ಕದಾದ, ಸುಮಾರು 100 ಮೀಟರಿನ ತರಂಗದಲ್ಲಿ ಸಾಗರದ ಮೇಲೆ ಪರಸ್ಪರ ಸಂಭಾಷಿಸಿದರು. ಬಳಿಕ ಚಿಕ್ಕ ತರಂಗಗಳಿಗಾಗಿ ಸರ್ಕಾರಗಳೂ ದೊಡ್ಡ ಸಂಸ್ಥೆಗಳೂ ಮುಗಿಬಿದ್ದವು. ಬಂಜರಿಗೆ ಬೆಲೆ ಬಂದಿತು.

ಗಾಡ್ಲಿಯು ದೀರ್ಘಾಯುವಾಗಿ ಬಾಳಿ 1973ರಲ್ಲಿ ತೀರಿಕೊಂಡನು. ಇಂದಿಗೂ ಚಳಿಗಾಲದ ಇರುಳುಗಳಲ್ಲಿ 160 ಮೀಟರಿನ ತರಂಗಪಟ್ಟಿಯಲ್ಲಿ ಹವ್ಯಾಸಿಗಳ ಸ್ಪರ್ಧೆಗಳು ನಡೆಯುತ್ತವೆ. ದೂರ ಹೆಚ್ಚಿದಷ್ಟೂ ಅಂಕ ಹೆಚ್ಚೆಂಬ ನಿಯಮವೂ ಅವುಗಳಲ್ಲೊಂದಕ್ಕೆ ಉಂಟು. ಕೂಗುವ ಬಲವನ್ನು ಹಣ ಕೊಟ್ಟು ತರಬಹುದು. ಗದ್ದಲದ ನಡುವಣ ಸಣ್ಣ ದನಿಯನ್ನು ಗುರುತಿಸುವ ತಾಳ್ಮೆಯನ್ನು ತಾನೇ ಗಳಿಸಬೇಕು. ಅದಕ್ಕಾಗಿಯೇ ಸ್ಪರ್ಧಾಳುಗಳು ಅಂದಿನಂತೆ ಇಂದೂ ಬೆವರೇಜ್ ತಂತಿಯನ್ನು ಹೊಲಗಳುದ್ದಕ್ಕೂ ಎಳೆಯುತ್ತಾರೆ. ಆರ್ಡ್ರಾಸನ್ನಿನ ಗುಡಾರದಲ್ಲಿ ಗಾಡ್ಲಿಯ ಬಳಿ ಸಂಕೇತ ಕಳುಹುವ ಯಂತ್ರವೇ ಇರಲಿಲ್ಲ. ತಾನು ಕೇಳಿದೆನೆಂದು ಗ್ರೀನಿಚ್ಚಿನ ಗೆಳೆಯರಿಗೆ ಆ ಕ್ಷಣದಲ್ಲಿ ತಿಳಿಸಲೂ ಆತನಿಗೆ ಸಾಧ್ಯವಿರಲಿಲ್ಲ. ಅವರು ಉತ್ತರದ ಆಸೆಯಿಲ್ಲದೆ ಕಳುಹಿದರು. ಆತನು ಮರುಮಾತಿಲ್ಲದೆ ಕೇಳಿದನು.