ರಾಲ್ಫ್ ರೋಸ್ಕೋ ಪ್ರಾಕ್ಟರ್

ರಾಲ್ಫ್ ರೋಸ್ಕೋ ಪ್ರಾಕ್ಟರ್ (1894–1962) ಅಮೆರಿಕದ ಸಿವಿಲ್ ಎಂಜಿನಿಯರ್. ದಮ್ಮಸು ಮಾಡಿದ ಮಣ್ಣಿನ ಸಾಂದ್ರತೆಯನ್ನು ನಿರ್ಣಯಿಸುವ ಪ್ರಾಕ್ಟರ್ ಪರೀಕ್ಷೆ ಇವರ ಹೆಸರಿನಲ್ಲಿದೆ.

ವೃತ್ತಿಜೀವನ

ಪ್ರಾಕ್ಟರ್ ಲಾಸ್ ಏಂಜಲೀಸ್ ನಗರದ ನೀರು ಸರಬರಾಜು ಇಲಾಖೆಯಲ್ಲಿ ಸೇವೆ ಸಲ್ಲಿಸಿದರು. 1928ರ ಮಾರ್ಚ್ 12ರ ನಡುರಾತ್ರಿಗೆ ಸ್ವಲ್ಪ ಮುನ್ನ ಆ ನಗರದ ಸೇಂಟ್ ಫ್ರಾನ್ಸಿಸ್ ಕಾಂಕ್ರೀಟ್ ಅಣೆಕಟ್ಟು ಒಡೆದು ನಾನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಅದಕ್ಕೆ ಬದಲಾಗಿ ಬುಕೆ ಕ್ಯಾನ್ಯನ್‌ನಲ್ಲಿ ಮಣ್ಣಿನ ಅಣೆಕಟ್ಟುಗಳ ಜಲಾಶಯವನ್ನು ನಿರ್ಮಿಸಲಾಯಿತು. ಅಂತಹ ದುರಂತದ ಬಳಿಕ, ಏರಿಯ ಮಣ್ಣು ಗಟ್ಟಿಯಾಗಿದೆ ಎಂಬ ಮೇಸ್ತ್ರಿಯ ಮಾತು ಸಾಲುತ್ತಿರಲಿಲ್ಲ, ಅಳತೆ ಬೇಕಾಗಿತ್ತು. ಪ್ರಾಕ್ಟರ್ ತಮ್ಮ ವಿಧಾನವನ್ನು 1933ರಲ್ಲಿ ‘ಎಂಜಿನಿಯರಿಂಗ್ ನ್ಯೂಸ್-ರೆಕಾರ್ಡ್’ ಪತ್ರಿಕೆಯ ನಾಲ್ಕು ಲೇಖನಗಳಲ್ಲಿ ವಿವರಿಸಿದರು.

ಪರೀಕ್ಷೆ

ಒಂದೇ ಬಲದಿಂದ ಬಡಿದರೂ ಮಣ್ಣಿನ ಶುಷ್ಕ ಸಾಂದ್ರತೆ ಅದರ ತೇವಾಂಶಕ್ಕೆ ತಕ್ಕಂತೆ ಬದಲಾಗುತ್ತದೆ; ಒಂದು ನಿರ್ದಿಷ್ಟ ತೇವಾಂಶದಲ್ಲಿ ಗರಿಷ್ಠ ಮಟ್ಟ ತಲುಪಿ, ನೀರು ಹೆಚ್ಚಾದಂತೆ ಮತ್ತೆ ಇಳಿಯುತ್ತದೆ. ಇದು ಪ್ರಾಕ್ಟರ್ ಅವರ ಮುಖ್ಯ ನಿರೂಪಣೆ. ಪ್ರಮಾಣಿತ ಪರೀಕ್ಷೆಯಲ್ಲಿ ಸುಮಾರು 944 ಘನ ಸೆಂ.ಮೀ. ಅಚ್ಚಿನೊಳಗೆ ಮಣ್ಣನ್ನು ಮೂರು ಪದರಗಳಲ್ಲಿ ತುಂಬಿ, ಪ್ರತಿ ಪದರಕ್ಕೂ ಸುಮಾರು 2.5 ಕಿ.ಗ್ರಾಂ. ಸುತ್ತಿಗೆಯಿಂದ 25 ಪೆಟ್ಟು ಕೊಡಲಾಗುತ್ತದೆ. ಭಾರತದಲ್ಲಿ ಇದಕ್ಕೆ ಸಮಾನವಾದ ಪರೀಕ್ಷೆ ಐಎಸ್ 2720ರ 7ನೇ ಭಾಗದಲ್ಲಿದೆ. ನಿವೇಶನದಲ್ಲೇ ತೇವಾಂಶವನ್ನು ಅಂದಾಜಿಸಲು ಅವರು ರೂಪಿಸಿದ ಸಾಧನಕ್ಕೆ ಪ್ರಾಕ್ಟರ್ ಸೂಜಿ ಎಂದು ಹೆಸರು.

ಕಿರಿದಾದ ಕಂದಕಗಳಲ್ಲಿ ನಿಖರತೆ

ಪ್ರಾಕ್ಟರ್ ಪರೀಕ್ಷೆ ನೀಡುವುದು ಮಾನದಂಡವನ್ನು ಮಾತ್ರ. ನಿವೇಶನದ ಅಳತೆ ತಪ್ಪಿದರೆ ಅದರೊಡನೆ ಮಾಡುವ ಹೋಲಿಕೆಯೂ ತಪ್ಪುತ್ತದೆ. ಕೊಳವೆ ಹೂಳುವ ಕಂದಕಗಳಲ್ಲಿ ಈ ತೊಂದರೆ ಹೆಚ್ಚು. ನಂತರದ ಕಾಲದಲ್ಲಿ ಬಳಕೆಗೆ ಬಂದ ನ್ಯೂಕ್ಲಿಯರ್ ಮಾಪಕವು ಮಣ್ಣಿನ ಹೈಡ್ರೋಜನ್‌ನಿಂದ ನಿಧಾನಗೊಂಡ ನ್ಯೂಟ್ರಾನ್‌ಗಳನ್ನು ಎಣಿಸಿ ತೇವಾಂಶವನ್ನು ತಿಳಿಸುತ್ತದೆ. ಕಂದಕದ ಗೋಡೆಗಳು ಹತ್ತಿರವಿದ್ದರೆ ಅವುಗಳಲ್ಲಿನ ನೀರೂ ಎಣಿಕೆಗೆ ಸೇರಿ ತೇವಾಂಶ ಹೆಚ್ಚಾಗಿಯೂ ಶುಷ್ಕ ಸಾಂದ್ರತೆ ಕಡಿಮೆಯಾಗಿಯೂ ತೋರುತ್ತದೆ. ಉದಾಹರಣೆಗೆ, ಗರಿಷ್ಠ ಶುಷ್ಕ ಸಾಂದ್ರತೆ ಘನ ಸೆಂ.ಮೀ.ಗೆ 1.88 ಗ್ರಾಂ ಇದ್ದು, ತುಂಬಿದ ಮಣ್ಣಿನದು 1.80 ಇದ್ದರೆ ದಮ್ಮಸು ಶೇ. 95.7 ಆಗುತ್ತದೆ. ಮಾಪಕ ಅದನ್ನು 1.74 ಎಂದು ತೋರಿಸಿದರೆ ಶೇ. 92.6 ಆಗುತ್ತದೆ. ಶೇ. 95 ಕಡ್ಡಾಯವಾಗಿರುವ ಕಾಮಗಾರಿಯಲ್ಲಿ ಸರಿಯಾಗಿ ತುಂಬಿದ ಮಣ್ಣನ್ನೇ ಅಗೆದು ತೆಗೆಯಬೇಕಾಗುತ್ತದೆ. ಇದನ್ನು ತಪ್ಪಿಸಲು ಮಾಪಕವನ್ನು ಅದರ ಪ್ರಮಾಣಿತ ದಿಮ್ಮಿಯ ಮೇಲಿಟ್ಟು, ಕಂದಕದ ಹೊರಗೊಮ್ಮೆ ಒಳಗೊಮ್ಮೆ ಎಣಿಕೆ ತೆಗೆದು, ವ್ಯತ್ಯಾಸವನ್ನು ಕಳೆಯುತ್ತಾರೆ. ಸಂದೇಹವಿದ್ದಲ್ಲಿ, ತೋಡಿದ ಕುಳಿಯ ಗಾತ್ರವನ್ನು ಮರಳು ತುಂಬಿ ಅಳೆಯುವ ಹಳೆಯ ವಿಧಾನದಿಂದ ತಾಳೆ ನೋಡಲಾಗುತ್ತದೆ.