ಸರ್ ಥಾಮಸ್ ಲಿಪ್ಟನ್ : ಹಾದಿಯನ್ನು ಮೊಟಕುಗೊಳಿಸಿದ ವರ್ತಕ

ವಸ್ತುವಿನ ಬೆಲೆಯು ಅದು ಬೆಳೆಯುವ ಹೊಲದಲ್ಲಿಯೇ ನಿಶ್ಚಯವಾಗುವುದೆಂದು ನಮ್ಮಲ್ಲಿ ಅನೇಕರ ಭಾವನೆ. ವಸ್ತುತಃ ಬೆಲೆಯ ಬಹುಭಾಗವು ಹೊಲಕ್ಕೂ ಮನೆಗೂ ನಡುವಣ ಹಾದಿಯಲ್ಲಿ ಹುಟ್ಟುವುದು. ಬಂಡಿಯ ಬಾಡಿಗೆ, ಹಡಗಿನ ಸಾಗಾಣಿಕೆ, ಉಗ್ರಾಣದ ವೆಚ್ಚ, ದಲ್ಲಾಳಿಯ ದಸ್ತೂರಿ, ಸಗಟು ವ್ಯಾಪಾರಿಯ ಲಾಭ, ಚಿಲ್ಲರೆ ವ್ಯಾಪಾರಿಯ ಲಾಭ, ಕೆಟ್ಟುಹೋದ ಸರಕಿನ ನಷ್ಟ, ಸಾಲದ ಬಡ್ಡಿ ಇವೆಲ್ಲವೂ ಒಂದರ ಮೇಲೊಂದು ಸೇರಿ ಕೊನೆಗೆ ಕೊಳ್ಳುವವನ ತಲೆಯ ಮೇಲೆ ಬೀಳುವುವು. ಈ ಹಾದಿಯನ್ನು ಅಳೆದು ಅದನ್ನು ಮೊಟಕುಗೊಳಿಸುವುದನ್ನೇ ಜೀವಿತದ ಉದ್ಯೋಗವನ್ನಾಗಿ ಮಾಡಿಕೊಂಡವರಲ್ಲಿ ಸರ್ ಥಾಮಸ್ ಲಿಪ್ಟನ್ನರು ಅಗ್ರಗಣ್ಯರು. ಚಹದ ಪೊಟ್ಟಣದ ಮೇಲೆ ಅವರ ಹೆಸರನ್ನು ಓದದ ಪಟ್ಟಣಿಗರು ವಿರಳ. ಅವರ ಜೀವಿತವನ್ನು ಅರಿತವರು ಇನ್ನೂ ವಿರಳ.

ಲಿಪ್ಟನ್ನರು ೧೮೪೮ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದರು. ತಂದೆತಾಯಿಗಳು ಅಯರ್ಲೆಂಡಿನ ಉತ್ತರ ಭಾಗದಿಂದ ವಲಸೆ ಬಂದ ಬಡವರು. ಅವರು ನಗರದ ಬಡಜನರ ಕೇರಿಯೊಂದರಲ್ಲಿ ಚಿಕ್ಕದೊಂದು ಅಂಗಡಿಯನ್ನಿಟ್ಟು, ಅಯರ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದ ಬೆಣ್ಣೆ, ಮೊಟ್ಟೆ, ಹಂದಿಮಾಂಸಗಳನ್ನು ಮಾರುತ್ತಿದ್ದರು. ಬಂದರಿನಿಂದ ಅಂಗಡಿಗೆ ಸರಕು ತರುವುದು ಬಾಲಕನ ಪಾಲಿನ ಕೆಲಸ. ಸರಕು ಎಲ್ಲಿಂದ ಬರುವುದು, ನಡುವೆ ಎಷ್ಟು ಕೈ ಬದಲಾಗುವುದು ಎಂಬ ಪಾಠವನ್ನು ಅವರು ಶಾಲೆಯಲ್ಲಲ್ಲ, ಬಂದರಿನಲ್ಲಿ ಕಲಿತರು.

ಹದಿಹರೆಯದಲ್ಲಿಯೇ ಅವರು ಅಮೇರಿಕಕ್ಕೆ ತೆರಳಿ, ವರ್ಜೀನಿಯಾದ ಹೊಗೆಸೊಪ್ಪಿನ ತೋಟದಲ್ಲಿಯೂ ದಕ್ಷಿಣ ಕೆರೋಲಿನಾದ ಭತ್ತದ ಗದ್ದೆಗಳಲ್ಲಿಯೂ ದುಡಿದು, ಕಡೆಗೆ ನ್ಯೂಯಾರ್ಕಿನ ದಿನಸಿ ಅಂಗಡಿಯೊಂದರಲ್ಲಿ ನೌಕರಿಗೆ ನಿಂತರು. ಸರಕನ್ನು ಕಣ್ಣಿಗೆ ಒಪ್ಪುವಂತೆ ಜೋಡಿಸುವುದು, ಬಂದ ಗಿರಾಕಿಯನ್ನು ಮರ್ಯಾದೆಯಿಂದ ಕಾಣುವುದು, ಜಾಹೀರಾತಿಗೆ ಹಣ ಸುರಿಯಲು ಅಂಜದಿರುವುದು ಎಂಬ ಮೂರು ವಿದ್ಯೆಗಳನ್ನು ಅಲ್ಲಿ ಸಂಪಾದಿಸಿ ಸ್ವದೇಶಕ್ಕೆ ಮರಳಿದರು. ೧೮೭೧ರಲ್ಲಿ ಗ್ಲಾಸ್ಗೋವಿನ ಸ್ಟಾಬ್‌ಕ್ರಾಸ್ ಬೀದಿಯಲ್ಲಿ ಅವರ ಸ್ವಂತ ಅಂಗಡಿಯು ತೆರೆಯಿತು.

ಈ ಅಂಗಡಿಯ ನಿಯಮಗಳು ಸರಳವಾಗಿದ್ದವು. ದಲ್ಲಾಳಿಯನ್ನು ಬಿಟ್ಟು ಉತ್ಪಾದಕನಿಂದಲೇ ಕೊಳ್ಳುವುದು. ನಗದು ಹಣಕ್ಕೆ ಮಾತ್ರ ಮಾರುವುದು. ಒಂದೊಂದು ವಸ್ತುವಿನ ಮೇಲೆ ಅಲ್ಪಲಾಭವನ್ನಿಟ್ಟು ಮಾರಾಟದ ಗಾತ್ರದಿಂದ ದೊಡ್ಡ ಲಾಭವನ್ನು ಗಳಿಸುವುದು. ಸಾಲವಿಲ್ಲದ ಅಂಗಡಿಯಲ್ಲಿ ಬಂಡವಾಳವು ಬೇಗ ಬೇಗ ತಿರುಗುವುದು. ಹತ್ತು ಅಂಗಡಿಗಳಿಗೆ ಒಟ್ಟಾಗಿ ಕೊಳ್ಳುವವನಿಗೆ ಬೆಲೆಯಲ್ಲಿ ಸಿಕ್ಕುವ ರಿಯಾಯಿತಿ ಒಂದೇ ಅಂಗಡಿಯವನಿಗೆ ಸಿಕ್ಕದು. ಆದುದರಿಂದ ಅವರು ಅಂಗಡಿಗೆ ಅಂಗಡಿ ಸೇರಿಸುತ್ತ ಹೋದರು. ೧೮೮೦ರ ದಶಕವು ಮುಗಿಯುವುದರೊಳಗೆ ಅವುಗಳ ಸಂಖ್ಯೆಯು ನೂರುಗಳಲ್ಲಿತ್ತು. ಮಾಂಸವನ್ನು ಸಿದ್ಧಪಡಿಸಲು ಅಮೇರಿಕದಲ್ಲಿಯೇ ಸ್ವಂತ ಕಾರ್ಖಾನೆಗಳನ್ನು ಸ್ಥಾಪಿಸಿದರು. ೧೮೮೧ರ ಕ್ರಿಸ್‌ಮಸ್ ಕಾಲದಲ್ಲಿ ಅಮೇರಿಕದಿಂದ ದೈತ್ಯಾಕಾರದ ಗಿಣ್ಣನ್ನು ತರಿಸಿ, ಅದರೊಳಗೆ ಚಿನ್ನದ ನಾಣ್ಯಗಳನ್ನು ಹುದುಗಿಸಿ ತುಂಡುತುಂಡಾಗಿ ಮಾರಿದಾಗ ಜನರು ಅಂಗಡಿಗೆ ಮುತ್ತಿದರು. ಇದು ಆಟವಾಗಿ ಕಂಡರೂ ಲೆಕ್ಕವು ಆಟದ್ದಲ್ಲ.

ಚಹದ ವ್ಯಾಪಾರಕ್ಕೆ ಅವರು ಕೈಯಿಟ್ಟುದು ೧೮೮೮ರ ಸುಮಾರಿಗೆ. ಆಗ ಚಹವು ಪೌಂಡಿಗೆ ಮೂರು ಶಿಲಿಂಗಿನಷ್ಟು ಬೆಲೆಯ ಪದಾರ್ಥ. ಅಂಗಡಿಯವನು ಪೆಟ್ಟಿಗೆಯಿಂದ ಬಿಡಿಯಾಗಿ ತೆಗೆದು ತೂಗಿ ಕೊಡುತ್ತಿದ್ದನು. ತೂಕವೂ ಗುಣವೂ ಅವನ ಧರ್ಮಬುದ್ಧಿಗೆ ಬಿಟ್ಟ ವಿಷಯಗಳು. ಲಿಪ್ಟನ್ನರು ಅದನ್ನು ಒಂದು ಶಿಲಿಂಗು ಏಳು ಪೆನ್ನಿಗೆ ಮಾರಿದರು. ಒಂದು ಪೌಂಡು, ಅರ್ಧ ಪೌಂಡು, ಕಾಲು ಪೌಂಡುಗಳ ಮುಚ್ಚಿದ ಪೊಟ್ಟಣಗಳಲ್ಲಿ ಕಟ್ಟಿ, ಆಯಾ ಊರಿನ ನೀರಿಗೆ ಹೊಂದುವಂತೆ ಎಲೆಗಳನ್ನು ಬೆರೆಸಿ ಕೊಟ್ಟರು. ಪೊಟ್ಟಣದ ಚಹವು ಅವರ ಕಲ್ಪನೆಯಲ್ಲ. ಜಾನ್ ಹಾರ್ನಿಮನ್ನರು ೧೮೨೬ರಲ್ಲಿಯೇ ಅದನ್ನು ಆರಂಭಿಸಿದ್ದರು. ಆದರೆ ಕಾಲು ಪೌಂಡಿನ ಪೊಟ್ಟಣವನ್ನು ಕೂಲಿಕಾರನ ವಾರದ ಸಂಬಳಕ್ಕೆ ಎಟುಕಿಸಿದ ಕೀರ್ತಿಯಲ್ಲಿ ಲಿಪ್ಟನ್ನರಿಗೆ ದೊಡ್ಡ ಪಾಲು ಸಲ್ಲುವುದು.

೧೮೯೦ರಲ್ಲಿ ಅವರು ಸಿಂಹಳಕ್ಕೆ ಹೋದರು. ಅಲ್ಲಿ ೧೮೬೯ರಲ್ಲಿ ಕಾಣಿಸಿಕೊಂಡ ಎಲೆರೋಗವು ಕಾಫಿಯ ಬೆಳೆಯನ್ನು ನಾಶಮಾಡಿದ್ದಿತು. ಈ ರೋಗವು ಕೊಡಗು, ಮೈಸೂರುಗಳ ತೋಟದವರಿಗೂ ಅಪರಿಚಿತವಲ್ಲ. ದಿವಾಳಿಯಾದ ತೋಟಗಳು ಅಗ್ಗವಾಗಿ ಮಾರಾಟಕ್ಕಿದ್ದವು. ಲಿಪ್ಟನ್ನರು ದಂಬತೆನ್ನೆ ಮೊದಲಾದ ತೋಟಗಳನ್ನು ಕೊಂಡು, ಕಡಿದಾದ ಇಳಿಜಾರುಗಳಿಂದ ಎಲೆಯನ್ನು ಕಾರ್ಖಾನೆಗೆ ಇಳಿಸಲು ತಂತಿಯ ಹಾದಿಗಳನ್ನು ಹಾಕಿಸಿದರು. ಎಲೆ ಕೀಳುವ ಬೆಟ್ಟದಿಂದ ಮಾರುವ ಅಂಗಡಿಯವರೆಗೆ ಹಾದಿಯು ಒಬ್ಬನದೇ ಆಯಿತೆಂದು ಜಾಹೀರಾತುಗಳು ಸಾರಿದವು. ನಿಜಸ್ಥಿತಿಯು ಹಾಗಿರಲಿಲ್ಲ. ಅವರು ಮಾರಿದ ಚಹದಲ್ಲಿ ಸ್ವಂತ ತೋಟಗಳದು ಅಲ್ಪಾಂಶ ಮಾತ್ರ. ಉಳಿದುದೆಲ್ಲವೂ ಇತರರಂತೆ ಪೇಟೆಯಲ್ಲಿ ಕೊಂಡುದೇ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಾಗದು. ಸಿಂಹಳದ ತೋಟಗಳಲ್ಲಿ ಎಲೆ ಕಿತ್ತವರು ದಕ್ಷಿಣ ಭಾರತದಿಂದ, ಮುಖ್ಯವಾಗಿ ತಮಿಳುನಾಡಿನ ಬಡ ಹಳ್ಳಿಗಳಿಂದ ಹೋದ ಕೂಲಿಗಳು. ದಲ್ಲಾಳಿಯು ಬಿಟ್ಟುಹೋದ ಲಾಭದಲ್ಲಿ ಒಂದು ಪಾಲು ಕೊಳ್ಳುವವನಿಗೂ ಒಂದು ಪಾಲು ಮಾರುವವನಿಗೂ ಸೇರಿತು. ಬೆನ್ನಿಗೆ ಬುಟ್ಟಿ ಕಟ್ಟಿದ ಹೆಂಗಸಿನ ಗುಡಿಸಲಿಗೆ ಅದು ತಲಪಲಿಲ್ಲ. ಸಿಂಹಳವು ಸ್ವತಂತ್ರವಾದ ೧೯೪೮ರಲ್ಲಿಯೇ ಬಂದ ಪೌರತ್ವದ ಕಾನೂನು ಈ ಕೂಲಿಗಳ ಸಂತತಿಯಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಲಾಲ್ ಬಹಾದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಅವರು ೧೯೬೪ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಐದೂಕಾಲು ಲಕ್ಷ ಜನರನ್ನು ಭಾರತವು ಸ್ವೀಕರಿಸಬೇಕಾಯಿತು. ಹಾಗೆ ಮರಳಿದ ಕೆಲವು ಕುಟುಂಬಗಳಿಗೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗಗಳ ಸರ್ಕಾರಿ ರಬ್ಬರು ತೋಟಗಳಲ್ಲಿ ನೆಲೆ ದೊರೆಯಿತು. ಇದಕ್ಕೆ ಲಿಪ್ಟನ್ನರೊಬ್ಬರನ್ನೇ ಹೊಣೆಮಾಡುವುದು ತಪ್ಪು. ಆದರೆ ಅಗ್ಗದ ಚಹದ ಲೆಕ್ಕದಲ್ಲಿ ಇದನ್ನು ಬರೆಯದೆ ಬಿಡುವುದೂ ತಪ್ಪು.

ಅವರ ಉತ್ತರಜೀವಿತವು ವೈಭವದ್ದು. ಲಂಡನ್ನಿನ ಬಡವರ ಜ್ಯೂಬಿಲಿ ಭೋಜನಕ್ಕೆ ೧೮೯೭ರಲ್ಲಿ ೨೫,೦೦೦ ಪೌಂಡುಗಳನ್ನು ಕೊಟ್ಟರು. ೧೮೯೮ರಲ್ಲಿ ಸರ್ ಪದವಿಯು ಬಂದಿತು. ಅದೇ ವರ್ಷ ವ್ಯಾಪಾರವು ಸಾರ್ವಜನಿಕ ಷೇರು ಕಂಪನಿಯಾಯಿತು. ೧೮೯೯ರಿಂದ ೧೯೩೦ರ ವರೆಗೆ ಐದು ಸಲ ಅಮೇರಿಕದ ಪ್ರಸಿದ್ಧ ಹಾಯಿದೋಣಿಯ ಪಂದ್ಯಕ್ಕೆ ನಿಂತು ಐದು ಸಲವೂ ಸೋತರು. ಗೆದ್ದವರಿಗಿಂತ ಸೋತ ಅವರೇ ಅಮೇರಿಕದ ಜನರಿಗೆ ಹೆಚ್ಚು ಪ್ರಿಯರಾದರು, ಅವರ ಚಹವೂ ಪ್ರಿಯವಾಯಿತು. ಮಹಾಯುದ್ಧದ ಕಾಲದಲ್ಲಿ, ೧೯೧೫ರಲ್ಲಿ, ಟೈಫಸ್ ಜ್ವರದಿಂದ ನರಳುತ್ತಿದ್ದ ಸರ್ಬಿಯಾಕ್ಕೆ ಸ್ವತಃ ಹೋಗಿ ನೆರವಾದರು. ಕಲಂಕವೂ ಇಲ್ಲದಿರಲಿಲ್ಲ. ಸೈನ್ಯದ ಕ್ಯಾಂಟೀನುಗಳಿಗೆ ಸರಕು ಒದಗಿಸುವುದರಲ್ಲಿ ಲಂಚ ಕೊಟ್ಟುದಕ್ಕಾಗಿ ಕಂಪನಿಯ ನೌಕರರು ೧೯೧೪ರಲ್ಲಿ ಶಿಕ್ಷೆಗೊಳಗಾದರು. ಲಿಪ್ಟನ್ನರ ಮೇಲೆ ಆಪಾದನೆ ಬರಲಿಲ್ಲವಾದರೂ ಹೆಸರು ಅವರದೇ ಆಗಿದ್ದಿತು. ಅವಿವಾಹಿತರಾಗಿಯೇ ಉಳಿದ ಅವರು ೧೯೩೧ರ ಅಕ್ಟೋಬರ್ ೨ರಂದು ತೀರಿಕೊಂಡರು. ಆಸ್ತಿಯ ಬಹುಭಾಗವು ಹುಟ್ಟೂರಾದ ಗ್ಲಾಸ್ಗೋವಿನ ಬಡವರಿಗೂ ಆಸ್ಪತ್ರೆಗಳಿಗೂ ಸಂದಿತು.

ಈ ಜೀವಿತದಿಂದ ನಾವು ಗ್ರಹಿಸಬೇಕಾದುದೇನು? ಮಧ್ಯವರ್ತಿಯನ್ನು ಬೈಯುವುದರಿಂದ ಬೆಲೆ ಇಳಿಯದು. ಅವನು ಮಾಡುತ್ತಿದ್ದ ಸಂಗ್ರಹ, ಸಾಗಾಣಿಕೆ, ತೂಕ, ಹಂಚಿಕೆಗಳನ್ನು ಅವನಿಗಿಂತ ಚೆನ್ನಾಗಿ ಮಾಡಿ ತೋರಿಸಿದಾಗಲೇ ಅವನು ಅನಾವಶ್ಯಕನಾಗುವನು. ಲಿಪ್ಟನ್ನರು ಅದನ್ನು ತೋರಿಸಿದರು. ಆದರೆ ಹಾದಿಯು ಮೊಟಕಾದ ಮಾತ್ರಕ್ಕೆ ಅದು ನ್ಯಾಯದ ಹಾದಿಯಾಗದು. ಉಳಿತಾಯವಾದ ಕಾಸು ಹಾದಿಯ ಎರಡು ತುದಿಗಳಿಗೂ, ಎಂದರೆ ಬೆಳೆಯುವವನಿಗೂ ಕೊಳ್ಳುವವನಿಗೂ, ಸಲ್ಲುವಂತೆ ನೋಡುವ ಕೆಲಸವು ಅವರಿಂದ ಆಗದೆ ಉಳಿಯಿತು. ಅಂಗಡಿಯನ್ನಿಡುವವರೂ, ಸಹಕಾರ ಸಂಘಗಳನ್ನು ನಡೆಸುವವರೂ, ಪೇಟೆಗಳ ಕಾನೂನನ್ನು ಬರೆಯುವ ಅಧಿಕಾರಿಗಳೂ ಅದನ್ನು ಕೈಗೆತ್ತಿಕೊಳ್ಳಬೇಕು.