ರಕ್ತದೊತ್ತಡ ಇಳಿಸಿದ ಬೇರು: ಡಾ. ರುಸ್ತುಂ ಜಾಲ್ ವಕೀಲ್

ಮಕ್ಕಳೇ, ಸೋಸಲೆಯಂತಹ ಹಳ್ಳಿಯಿರಲಿ, ಮೈಸೂರಿನಂತಹ ನಗರವಿರಲಿ, ಬಿ.ಪಿ. ಮಾತ್ರೆ ನುಂಗುವ ಅಜ್ಜ-ಅಜ್ಜಿಯರನ್ನು ನೀವು ನೋಡಿರುತ್ತೀರಿ. ಬಿ.ಪಿ. ಎಂದರೆ ರಕ್ತದೊತ್ತಡ. ಹರಿಯುವ ರಕ್ತವು ರಕ್ತನಾಳಗಳ ಗೋಡೆಯನ್ನು ಒತ್ತುವ ಬಲವಿದು. ಇದು ಬಹುಕಾಲ ಹೆಚ್ಚಾಗಿಯೇ ಇದ್ದರೆ ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಅಪಾಯ. 1940ರ ದಶಕದಲ್ಲಿ ಇದಕ್ಕೆ ಒಳ್ಳೆಯ ಮಾತ್ರೆಗಳು ಇರಲಿಲ್ಲವೆಂದೇ ಹೇಳಬೇಕು. ಆಗ ನಮ್ಮ ದೇಶದ ಒಂದು ಗಿಡದತ್ತ ಜಗತ್ತಿನ ಗಮನ ಸೆಳೆದವರು ಡಾ. ರುಸ್ತುಂ ಜಾಲ್ ವಕೀಲ್.

ವಕೀಲರು ಹುಟ್ಟಿದ್ದು 1911ರಲ್ಲಿ, ಮುಂಬಯಿಯಲ್ಲಿ. ಲಂಡನ್ನಿನಲ್ಲಿ ವೈದ್ಯಶಿಕ್ಷಣ ಪಡೆದು ಮುಂಬಯಿಗೆ ಮರಳಿ ಹೃದ್ರೋಗ ತಜ್ಞರಾದರು. ಅವರು ಆರಿಸಿಕೊಂಡ ಗಿಡ ಸರ್ಪಗಂಧ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲೂ ಬೆಳೆಯುವ ಚಿಕ್ಕ ಗಿಡವಿದು. ಹಾವು ಕಡಿತ, ನಿದ್ರಾಹೀನತೆ, ಬುದ್ಧಿಭ್ರಮಣೆಗೆ ನಾಟಿ ವೈದ್ಯರು ಇದರ ಬೇರನ್ನು ಕೊಡುತ್ತಿದ್ದರು. ಇದು ರಕ್ತದೊತ್ತಡವನ್ನೂ ಇಳಿಸುತ್ತದೆ ಎಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಆದರೆ ಹೊರದೇಶಗಳ ವೈದ್ಯರು ಅದನ್ನು ಅಷ್ಟಾಗಿ ಗಮನಿಸಲಿಲ್ಲ.

ಔಷಧ ಕೆಲಸ ಮಾಡಿತೆಂದು ಹೇಳಿದರೆ ಸಾಲದು, ಅಳೆದು ತೋರಿಸಬೇಕಲ್ಲವೇ? ವಕೀಲರು ಮಾಡಿದ್ದು ಅದನ್ನೇ. 50 ಮಂದಿ ರೋಗಿಗಳಿಗೆ ಸರ್ಪಗಂಧದ ಮಾತ್ರೆ ಕೊಟ್ಟು, ವಾರಗಟ್ಟಲೆ ಅವರ ರಕ್ತದೊತ್ತಡವನ್ನು ಅಳೆದು ಬರೆದಿಟ್ಟರು. ಹೆಚ್ಚಿನವರಲ್ಲಿ ಒತ್ತಡ ಇಳಿದಿತ್ತು. 1949ರಲ್ಲಿ ಈ ಫಲಿತಾಂಶ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಅಮೆರಿಕದ ವೈದ್ಯರೂ ಈ ಬೇರನ್ನು ಪರೀಕ್ಷಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಿದರು.

ರಿಸರ್ಪಿನ್ ಹೇಗೆ ಕೆಲಸ ಮಾಡುತ್ತದೆ? ನಮ್ಮ ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಎಂಬ ವಸ್ತು ಸಂಗ್ರಹವಾಗಿರುತ್ತದೆ. ಅದು ಹೊರಬಂದಾಗ ರಕ್ತನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ. ರಿಸರ್ಪಿನ್ ಈ ಸಂಗ್ರಹವನ್ನೇ ಬರಿದು ಮಾಡುತ್ತದೆ. ಆಗ ನಾಳಗಳು ಸಡಿಲಗೊಂಡು ಒತ್ತಡ ಇಳಿಯುತ್ತದೆ.

ಈ ಔಷಧಕ್ಕೆ ಕೆಟ್ಟ ಮುಖವೂ ಇತ್ತು. ಕೆಲವರಿಗೆ ಮೂಗು ಕಟ್ಟುತ್ತಿತ್ತು, ಕೆಲವರಿಗೆ ಮನಸ್ಸು ಕುಗ್ಗುತ್ತಿತ್ತು. ಹೀಗಾಗಿ ಇಂದು ವೈದ್ಯರು ಹೆಚ್ಚಾಗಿ ಬೇರೆ ಮಾತ್ರೆಗಳನ್ನು ಕೊಡುತ್ತಾರೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ಅದು ಅಪಾಯವಿಲ್ಲದ್ದು ಎಂದು ತಿಳಿಯಬಾರದು. ವೈದ್ಯರನ್ನು ಕೇಳದೆ ಯಾವ ಬೇರನ್ನೂ ತಿನ್ನಬಾರದು.

ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ, 1958ರಲ್ಲಿ ಪದ್ಮಭೂಷಣ ದೊರೆತವು. 1974ರಲ್ಲಿ ಅವರು ನಿಧನರಾದರು. ಬೇರಿಗಾಗಿ ಗಿಡವನ್ನೇ ಕಿತ್ತದ್ದರಿಂದ ಇಂದು ಕಾಡಿನಲ್ಲಿ ಸರ್ಪಗಂಧ ವಿರಳವಾಗಿದೆ. ಪರೀಕ್ಷೆಗೆ ಕಾದಿರುವ ಗಿಡಗಳು ನಮ್ಮ ಕಾಡುಗಳಲ್ಲಿ ಇನ್ನೂ ಎಷ್ಟೋ ಇರಬಹುದು. ಅವು ಉಳಿದರೆ ತಾನೇ ನಾಳೆ ನೀವು ಪರೀಕ್ಷಿಸುವುದು!